ಮನೆಯಲ್ಲೇ ಮಕ್ಕಳೊಂದಿಗೆ ಮಾಡುವ ಕೈಕೆಲಸಗಳು: ನಮ್ಮ ಸೀಮೆಯ ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮೂರರಿಂದ ಎಂಟು ವರ್ಷದೊಳಗಿನ ಮಕ್ಕಳಿರುವ ಮನೆಗಳಿಗಾಗಿ ಈ ಪ್ರಶ್ನೋತ್ತರವನ್ನು ಬರೆದಿದ್ದೇನೆ. ಕೊಪ್ಪಳದ ನಮ್ಮ ಓಣಿಯ ಮಕ್ಕಳನ್ನು ರಜೆಯ ದಿನಗಳಲ್ಲಿ ಕಟ್ಟೆಯ ಮೇಲೆ ಕೂರಿಸಿಕೊಂಡು ಕೈಕೆಲಸ ಮಾಡಿಸುವ ರೂಢಿ ನನಗಿದೆ. ಆ ಮಕ್ಕಳ ತಾಯಂದಿರು, ಅಜ್ಜ ಅಜ್ಜಿಯರು, ಸಿಂಧನೂರು ಮತ್ತು ಸಂಡೂರು ಕಡೆಯ ನಮ್ಮ ಬಂಧುಗಳು ಕೇಳುತ್ತ ಬಂದಿರುವ ಪ್ರಶ್ನೆಗಳನ್ನೇ ಇಲ್ಲಿ ಒಟ್ಟುಗೂಡಿಸಿದ್ದೇನೆ.

ಕೈಕೆಲಸ ಶುರುಮಾಡಲು ಅಂಗಡಿಯಿಂದ ಏನೇನು ತರಬೇಕು?

ತುದಿ ಮೊಂಡಾಗಿರುವ ಒಂದು ಚಿಕ್ಕ ಕತ್ತರಿ, ಒಂದು ಉಂಡೆ ದಾರ, ಒಂದೆರಡು ಕುಂಚ, ಇಷ್ಟಿದ್ದರೆ ಸಾಕು. ಉಳಿದದ್ದೆಲ್ಲ ಮನೆಯಲ್ಲೇ ಇರುತ್ತದೆ. ಹಳೆಯ ಲಗ್ನಪತ್ರಿಕೆ, ಹರಿದ ಕ್ಯಾಲೆಂಡರಿನ ಹಾಳೆ, ಕಡ್ಡಿಪೆಟ್ಟಿಗೆ, ಬೂಟಿನ ಡಬ್ಬಿ, ತೆಂಗಿನ ಕರಟ, ಸವೆದ ಪಂಚೆ, ಇವನ್ನು ಎಸೆಯದೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಡಿ. ಪೆಟ್ಟಿಗೆ ಮಗುವಿನ ಕೈಗೆ ಎಟುಕುವ ಜಾಗದಲ್ಲಿರಲಿ. ಪೇಟೆಯಲ್ಲಿ ಸಿಗುವ ದುಬಾರಿ ಕೈಕೆಲಸದ ಕಿಟ್ಟುಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಅವುಗಳಲ್ಲಿ ಎಲ್ಲವೂ ಮೊದಲೇ ಕತ್ತರಿಸಿ, ಕೊರೆದು ಇಟ್ಟಿರುತ್ತದೆ. ಮಗುವಿಗೆ ಉಳಿಯುವುದು ಅಂಟಿಸುವ ಕೆಲಸ ಮಾತ್ರ, ಅದೂ ಡಬ್ಬಿಯ ಮೇಲಿನ ಚಿತ್ರದಲ್ಲಿರುವಂತೆಯೇ.

ಯಾವ ವಯಸ್ಸಿಗೆ ಯಾವ ಕೆಲಸ ಕೊಡಬೇಕು?

ಎರಡು, ಮೂರು ವರ್ಷದ ಮಗುವಿಗೆ ಮಾಡುವುದೇ ಆಟ. ಮಾಡಿ ಮುಗಿಸಿದ ವಸ್ತುವಿನ ಮೇಲೆ ಅದಕ್ಕೆ ಆಸೆಯಿರುವುದಿಲ್ಲ. ಹಿಟ್ಟು ನಾದುವುದು, ಕಾಗದ ಹರಿಯುವುದು, ನೀರನ್ನು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಸುರಿಯುವುದು ಅದಕ್ಕೆ ಬೇಕಾದಷ್ಟಾಯಿತು. ನಾಲ್ಕೈದು ವರ್ಷಕ್ಕೆ ಕತ್ತರಿ ಹಿಡಿಯುವುದು, ಅಂಟಿಸುವುದು, ಮಣ್ಣಿನಲ್ಲಿ ಆಕಾರ ತರುವುದು ಕೈಗೆ ಬರುತ್ತದೆ. ಆರು ವರ್ಷ ದಾಟಿದ ಮೇಲೆ ಮೊದಲು ಇದು, ಆಮೇಲೆ ಅದು ಎಂದು ಹಂತಹಂತವಾಗಿ ಕೆಲಸ ಮಾಡುವ ತಾಳ್ಮೆ ಬೆಳೆಯುತ್ತದೆ. ಆದರೆ ವಯಸ್ಸಿಗಿಂತ ಮಗುವಿನ ಕೈಯನ್ನೇ ನೋಡಿ ನಿರ್ಧರಿಸುವುದು ಮೇಲು. ಅಜ್ಜಿಯ ಪಕ್ಕದಲ್ಲಿ ಕೂತು ದಿನವೂ ರೊಟ್ಟಿ ಹಿಟ್ಟನ್ನು ತಟ್ಟಿದ ಮಗುವಿನ ಬೆರಳುಗಳಿಗೆ ತನ್ನ ವಾರಿಗೆಯವರಿಗಿಂತ ಬೇಗ ಹದ ತಿಳಿಯುತ್ತದೆ.

ಮೊಟ್ಟಮೊದಲು ಯಾವ ಕೆಲಸದಿಂದ ಶುರುಮಾಡುವುದು ಒಳ್ಳೆಯದು?

ಮಣ್ಣಿನಿಂದ. ನಮ್ಮ ಸೀಮೆಯ ಹಬ್ಬಗಳೇ ಇದಕ್ಕೆ ದಾರಿ ಹಾಕಿಕೊಟ್ಟಿವೆ. ಜ್ಯೇಷ್ಠ ಮಾಸದ ಕೊನೆಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲಿ ಜೋಡೆತ್ತು, ಅವುಗಳ ಮುಂದೆ ಗೋದಲಿ (ಮೇವು ಹಾಕುವ ತೊಟ್ಟಿ) ಇಟ್ಟು ಪೂಜಿಸುತ್ತೇವೆ. ಅದರ ಬೆನ್ನಿಗೇ ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಭಾದ್ರಪದದಲ್ಲಿ ಗಣಪ ಮತ್ತು ಜೋಕುಮಾರ ಮಣ್ಣಿನ ಮೂರ್ತಿಗಳಾಗಿ ಬರುತ್ತಾರೆ. ಈಗ ಬಹಳ ಮನೆಗಳಲ್ಲಿ ಎತ್ತುಗಳನ್ನು ಸಂತೆಯಿಂದ ಕೊಂಡು ತರುತ್ತಾರೆ. ಕುಂಬಾರರ ಕೈಯಿಂದ ಒಂದು ಜೋಡಿಯನ್ನು ತಪ್ಪದೆ ಕೊಳ್ಳಿರಿ, ಅದು ಅವರ ಜೀವನೋಪಾಯ. ಅದರ ಜೊತೆಗೆ ಮಗು ತನ್ನ ಕೈಯಾರೆ ಮಾಡಿದ ಇನ್ನೊಂದು ಜೋಡಿಯೂ ದೇವರ ಜಗುಲಿಯ ಮೇಲೆ ಇರಲಿ.

ಮಾಡುವ ಕ್ರಮ ಹೀಗಿದೆ. ಹಸನುಮಾಡಿದ ಮಣ್ಣಿಗೆ ಸ್ವಲ್ಪ ಸ್ವಲ್ಪವೇ ನೀರು ಹಾಕಿ, ಜೋಳದ ರೊಟ್ಟಿಯ ಹಿಟ್ಟಿಗಿಂತ ತುಸು ಗಟ್ಟಿಯಾಗಿ ನಾದಬೇಕು. ಮಗುವಿನ ಮುಷ್ಟಿಯಷ್ಟು ಉಂಡೆ ಮಾಡಿ, ಅದನ್ನು ಅಂಗೈಗಳ ನಡುವೆ ಹೊರಳಿಸಿ ಉದ್ದವಾಗಿಸಿದರೆ ಮೈ ಆಯಿತು. ಕಾಲುಗಳನ್ನು ಬೇರೆ ಮಾಡಿ ಅಂಟಿಸುವುದಕ್ಕಿಂತ ಅದೇ ಉಂಡೆಯಿಂದ ಚಿವುಟಿ ಕೆಳಗೆ ಎಳೆಯುವುದು ಗಟ್ಟಿ. ಡುಬ್ಬವನ್ನೂ ಹಾಗೆಯೇ ಮೇಲಕ್ಕೆ ಚಿವುಟಬೇಕು. ಕೊಂಬು ಮತ್ತು ಬಾಲವನ್ನು ಬೇರೆಯಾಗಿ ಮಾಡುವುದಾದರೆ, ಸೇರುವ ಎರಡೂ ಕಡೆ ಕಡ್ಡಿಯಿಂದ ಗೀರಿ, ಮೊಸರಿನಷ್ಟು ತೆಳುವಾದ ರಾಡಿಯನ್ನು ಸವರಿ ಒತ್ತಬೇಕು. ಬರೀ ಒತ್ತಿದ ಕೊಂಬು ಒಣಗಿದ ಮೇಲೆ ಉದುರುವುದು ಖಂಡಿತ. ಕಣ್ಣಿಗೆ ಎರಡು ಜೋಳದ ಕಾಳು ಸಾಕು.

ನಮ್ಮ ಓಣಿಯ ಐದು ವರ್ಷದ ಒಬ್ಬಳು ತನ್ನ ಎತ್ತಿಗೆ ಮೈಯಷ್ಟೇ ಉದ್ದದ ಕೊಂಬು ಇಟ್ಟಳು. ಕೊಂಬಿನ ಭಾರಕ್ಕೆ ಎತ್ತು ಪ್ರತಿ ಸಲವೂ ಮೂತಿ ಮುಂದಾಗಿ ಬೀಳುತ್ತಿತ್ತು. ಅವಳು ಯಾರನ್ನೂ ಕೇಳದೆ ಹಿಂಗಾಲುಗಳ ಹತ್ತಿರ ಒಂದು ಉಂಡೆ ಮಣ್ಣು ಮೆತ್ತಿ, ಬಿಟ್ಟು ನೋಡಿ, ಇನ್ನಷ್ಟು ಮೆತ್ತಿ, ಕೊನೆಗೆ ಅದನ್ನು ನಿಲ್ಲಿಸಿದಳು. ಪಕ್ಕದಲ್ಲಿದ್ದ ದೊಡ್ಡವರು ಕೊಂಬನ್ನು ಮುರಿದು ಚಿಕ್ಕದು ಮಾಡಿಕೊಟ್ಟಿದ್ದರೆ ತೂಕವನ್ನು ಸರಿದೂಗಿಸುವ ಈ ಬುದ್ಧಿ ಅವಳ ಕೈಗೆ ಬರುತ್ತಿರಲಿಲ್ಲ.

ಕಪ್ಪು ಎರೆಮಣ್ಣಿನಲ್ಲಿ ಮಾಡಿದ್ದೆಲ್ಲ ಒಣಗಿದ ಮೇಲೆ ಬಿರುಕು ಬಿಡುತ್ತದೆ. ಏನು ಮಾಡಬೇಕು?

ಎರೆಮಣ್ಣಿನ ಗುಣವೇ ಅದು. ಅದರಲ್ಲಿರುವ ಜೇಡಿಯ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಎರೆಹೊಲ ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಡುವುದೂ ಇದೇ ಕಾರಣಕ್ಕೆ. ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಸಣ್ಣಗೆ ಜರಡಿ ಹಿಡಿದ ಮರಳು, ಜೊತೆಗೆ ಒಂದು ಹಿಡಿ ಪುಡಿಮಾಡಿದ ಹೊಟ್ಟು ಸೇರಿಸಿದರೆ ಬಿರುಕು ಬಹಳಷ್ಟು ತಗ್ಗುತ್ತದೆ. ಮಾಡಿದ ವಸ್ತುವನ್ನು ಬಿಸಿಲಿಗಿಡದೆ ನೆರಳಿನಲ್ಲಿ, ಮೊದಲ ದಿನ ಒದ್ದೆ ಬಟ್ಟೆ ಮುಚ್ಚಿ ಒಣಗಿಸಬೇಕು. ಕೆರೆಯ ಹೂಳು ಸಿಕ್ಕರೆ ಇನ್ನೂ ಒಳ್ಳೆಯದು. ಮಣ್ಣನ್ನು ಹೊಲದಿಂದ ತರುವುದಾದರೆ ಇತ್ತೀಚೆಗೆ ಔಷಧಿ ಹೊಡೆದ ಹೊಲದ್ದು ಬೇಡ.

ಬಾಡಿಗೆ ಮನೆ, ಮಣ್ಣು ತರುವ ಅನುಕೂಲ ಇಲ್ಲ. ಬೇರೆ ಏನಿದೆ?

ಹಿಟ್ಟಿನ ಮುದ್ದೆ ಮಾಡಿಕೊಡಿ. ಎರಡು ಬಟ್ಟಲು ಮೈದಾ, ಒಂದು ಬಟ್ಟಲು ಪುಡಿ ಉಪ್ಪು, ಎರಡು ಚಮಚ ಅಡುಗೆ ಎಣ್ಣೆ ಹಾಕಿ ಕಲಸಿ, ಮುಕ್ಕಾಲು ಬಟ್ಟಲಿನಷ್ಟು ನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ನಾದಿದರೆ ಮೆತ್ತಗಿನ ಮುದ್ದೆ ಬರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಇಟ್ಟರೆ ಒಂದು ವಾರಕ್ಕೆ ಮೋಸವಿಲ್ಲ. ಅರಿಶಿನ, ಬೀಟ್‌ರೂಟಿನ ರಸ, ಪಾಲಕದ ರಸ ಬೆರೆಸಿ ಮೂರು ಬಣ್ಣ ಮಾಡಿಕೊಳ್ಳಬಹುದು. ಜೋಳದ ಹಿಟ್ಟಿನಲ್ಲಿ ಮಾಡಬಾರದೇ ಎಂದು ಹಲವರು ಕೇಳುತ್ತಾರೆ. ಜೋಳದಲ್ಲಿ ಗೋಧಿಯಂತೆ ಎಳೆಹಿಡಿಯುವ ಅಂಟು ಇಲ್ಲದ ಕಾರಣ ತಣ್ಣೀರಿನಲ್ಲಿ ಕಲಸಿದರೆ ಪುಡಿಯಾಗುತ್ತದೆ. ರೊಟ್ಟಿಗೆ ಮಾಡುವಂತೆ ಎಸರಿನಲ್ಲಿ ಕಲಸಿದರೆ ನಿಲ್ಲುತ್ತದೆ, ಆದರೆ ಅದೇ ದಿನ ಆಡಿ ಮುಗಿಸಬೇಕು. ಉಪ್ಪು ಹಾಕಿದ ಮುದ್ದೆಯನ್ನು ಮಗು ತಿನ್ನದಂತೆ ನೋಡಿಕೊಳ್ಳಿ. ಅಷ್ಟೊಂದು ಉಪ್ಪು ಚಿಕ್ಕ ಮಗುವಿಗೂ ಅಪಾಯ, ಮನೆಯ ನಾಯಿಗೂ ಅಪಾಯ. ಎಲ್ಲವನ್ನೂ ಬಾಯಿಗೆ ಹಾಕುವ ವಯಸ್ಸಿನ ಮಗುವಿಗೆ ಬರೀ ಚಪಾತಿ ಹಿಟ್ಟನ್ನೇ ಕೊಡುವುದು ಲೇಸು.

ಅಂಟು ಮನೆಯಲ್ಲೇ ಮಾಡಬಹುದೇ?

ಮಾಡಬಹುದು. ಒಂದು ಬಟ್ಟಲು ಮೈದಾಗೆ ಐದು ಬಟ್ಟಲು ನೀರು ಹಾಕಿ, ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿದರೆ ಬಿಳಿಯ ಬಣ್ಣ ಹೋಗಿ ಗಂಜಿಯಂತೆ ಹೊಳಪು ಬರುತ್ತದೆ. ಆಗ ಇಳಿಸಿ ಆರಿಸಬೇಕು. ಕಾಗದಕ್ಕೆ ಇದಕ್ಕಿಂತ ಒಳ್ಳೆಯ ಅಂಟು ಬೇಡ. ಹುಳ ಬೀಳದಿರಲೆಂದು ಹಿಂದೆ ಇಂಥ ಅಂಟಿಗೆ ಮೈಲುತುತ್ತ ಹಾಕುವ ಪದ್ಧತಿ ಇತ್ತು. ಅದು ವಿಷ, ಮಕ್ಕಳ ಅಂಟಿಗೆ ಎಂದಿಗೂ ಹಾಕಬೇಡಿ. ಎರಡು ದಿನಕ್ಕೆ ಬೇಕಾದಷ್ಟೇ ಮಾಡಿಕೊಂಡರೆ ಕೆಡುವ ಮಾತೇ ಇಲ್ಲ.

ಇನ್ನೂ ಗಟ್ಟಿ ಬೇಕಾದರೆ ಹುಣಸೆ ಬೀಜದ ಅಂಟು ಇದೆ. ಬೀಜ ಹುರಿದು, ಸಿಪ್ಪೆ ತೆಗೆದು, ರಾತ್ರಿಯಿಡೀ ನೆನೆಸಿ, ನುಣ್ಣಗೆ ರುಬ್ಬಿ, ನೀರು ಬೆರೆಸಿ ಕುದಿಸಬೇಕು. ಕೊಪ್ಪಳಕ್ಕೆ ಹತ್ತಿರದ ಕಿನ್ನಾಳದ ಚಿತ್ರಗಾರರು ತಮ್ಮ ಹೆಸರಾಂತ ಗೊಂಬೆಗಳಿಗೆ ಬಳಸುವುದು ಈ ಅಂಟನ್ನೇ. ಹಗುರ ಕಟ್ಟಿಗೆಯ ಗೊಂಬೆಯ ಭಾಗಗಳನ್ನು ಜೋಡಿಸಲು, ಸೆಣಬಿನ ಚಿಂದಿಯನ್ನು ನೆನೆಸಿ ಒಣಗಿಸಿ ಪುಡಿಮಾಡಿ ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ಹದವನ್ನು ಮೆತ್ತಿ ಮೈ ತುಂಬುತ್ತಾರೆ, ಆಮೇಲೆ ಬಣ್ಣ ಏರಿಸುತ್ತಾರೆ. ಮನೆಯಲ್ಲಿ ಸೆಣಬಿನ ಬದಲು ರಾತ್ರಿಯಿಡೀ ನೆನೆಸಿ ಕುಟ್ಟಿದ ಪತ್ರಿಕೆಯ ಕಾಗದವನ್ನು ಈ ಅಂಟಿನಲ್ಲಿ ಕಲಸಿ, ಮೂಸಂಬಿಯ ಮೇಲೋ ಬಟ್ಟಲಿನ ಬೆನ್ನಿನ ಮೇಲೋ ಮೆತ್ತಿ ಮುಖವಾಡ ಮಾಡಬಹುದು. ನಮ್ಮ ಬೇಸಿಗೆಯ ಬಿಸಿಲಿಗೆ ಅದು ಒಂದೇ ದಿನದಲ್ಲಿ ಟಣ್ ಎನ್ನುವಷ್ಟು ಒಣಗುತ್ತದೆ.

ಬಣ್ಣಗಳಿಗೆ ಏನು ಬಳಸಬೇಕು? ರಾಸಾಯನಿಕ ಬಣ್ಣ ಬೇಡವೆನಿಸುತ್ತದೆ.

ಸಂಡೂರಿನ ಕೆಮ್ಮಣ್ಣು, ನಮ್ಮ ಎರೆಮಣ್ಣು, ಒಲೆಯ ಇದ್ದಿಲು, ಅರಿಶಿನ, ಈ ನಾಲ್ಕರಿಂದ ಗೋಡೆಯಷ್ಟು ದೊಡ್ಡ ಚಿತ್ರ ಬರೆಯಬಹುದು. ಮಣ್ಣನ್ನು ನುಣ್ಣಗೆ ಅರೆದು ಬಟ್ಟೆಯಲ್ಲಿ ಸೋಸಿ, ಕರಿಜಾಲಿಯ ಅಂಟನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ ಬಂದ ದ್ರವದಲ್ಲಿ ಕಲಸಿದರೆ ಬಣ್ಣ ಕಾಗದಕ್ಕೆ ಕಚ್ಚಿಕೊಳ್ಳುತ್ತದೆ, ಒಣಗಿದ ಮೇಲೆ ಕೈಗೆ ಹತ್ತುವುದಿಲ್ಲ. ಊರ ಸುತ್ತ ಬೆಳೆದು ನಿಂತಿರುವ ಬಳ್ಳಾರಿ ಜಾಲಿ ಬೇರೆ ಗಿಡ; ಅದರ ಮುಳ್ಳು ಆಳಕ್ಕೆ ಚುಚ್ಚಿ ಕೀವಾಗಿಸುವುದರಿಂದ ಮಕ್ಕಳನ್ನು ಅದರ ಹತ್ತಿರ ಕಳಿಸಬೇಡಿ.

ಬಣ್ಣದ ಜೊತೆಗೇ ಮಾಡಬಹುದಾದ ಒಂದು ಪ್ರಯೋಗವಿದೆ. ಅರಿಶಿನವನ್ನು ನೀರಿನಲ್ಲಿ ಕದಡಿ ಬಿಳಿ ಹಾಳೆಗೆ ಬಳಿದು ಒಣಗಿಸಿ. ಒಂದು ಚಮಚ ಅಡುಗೆ ಸೋಡಾವನ್ನು ಅರ್ಧ ಲೋಟ ನೀರಿನಲ್ಲಿ ಕರಗಿಸಿ, ಕಡ್ಡಿಗೆ ಹತ್ತಿ ಸುತ್ತಿ, ಅದರಲ್ಲಿ ಅದ್ದಿ ಮಗು ತನ್ನ ಹೆಸರನ್ನು ಬರೆಯಲಿ. ಅಕ್ಷರ ಕೆಂಪಾಗಿ ಮೂಡುತ್ತದೆ. ಅದೇ ಅಕ್ಷರದ ಮೇಲೆ ನಿಂಬೆರಸ ಹಚ್ಚಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಅರಿಶಿನದ ಬಣ್ಣ ಕ್ಷಾರದಲ್ಲಿ ಕೆಂಪಾಗುತ್ತದೆ, ಹುಳಿಯಲ್ಲಿ ಹಳದಿಯಾಗಿ ಉಳಿಯುತ್ತದೆ; ಆರತಿಯ ಓಕುಳಿಗೆ ಅರಿಶಿನದ ನೀರಿಗೆ ಸುಣ್ಣ ಬೆರೆಸುವುದೂ ಇದೇ ಗುಣದಿಂದ. ಆದರೆ ಮಕ್ಕಳ ಕೈಗೆ ಸುಣ್ಣ ಮಾತ್ರ ಬೇಡ. ಎಲೆ ಅಡಿಕೆಯ ಸುಣ್ಣದ ಪೊಟ್ಟಣವನ್ನು ಹಿಚುಕಿದಾಗ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಸಂಚಕಾರ. ಹಾಗೇನಾದರೂ ಆದರೆ ಕಣ್ಣನ್ನು ಉಜ್ಜದೆ, ಕಾಲು ಗಂಟೆಗೂ ಹೆಚ್ಚು ಹೊತ್ತು ಶುದ್ಧ ನೀರು ಹರಿಸಿ ತೊಳೆದು ಆಸ್ಪತ್ರೆಗೆ ಕರೆದೊಯ್ಯಬೇಕು.

ಬಿರುಬಿಸಿಲಿನ ಮಧ್ಯಾಹ್ನ ಹೊರಗೆ ಬಿಡುವಂತಿಲ್ಲ. ಒಳಗೆ ಕೂತು ಮಾಡುವಂಥದ್ದು ಹೇಳಿ.

ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಆ ಬಿಸಿಲನ್ನೇ ಬಳಸಿಕೊಳ್ಳುವ ಕೆಲಸವೊಂದಿದೆ. ಇಡೀ ಪಟ್ಟಿಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದೂ ಅದೇ.

ಹಂಪಿಯ ವಿರೂಪಾಕ್ಷ ಗುಡಿಗೆ ಹೋದವರೆಲ್ಲ ಗರ್ಭಗುಡಿಯ ಹಿಂದಿನ ಕೋಣೆಯಲ್ಲಿ ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳುವುದನ್ನು ನೋಡಿರುತ್ತಾರೆ. ಸುಮಾರು 50 ಮೀಟರ್ ಎತ್ತರದ, ಒಂಬತ್ತು ನೆಲೆಯ ಆ ಗೋಪುರ ಒಂದು ಚಿಕ್ಕ ಕಿಂಡಿಯ ಮೂಲಕ ಗೋಡೆಯ ಮೇಲೆ ಬಂದು ಕೂರುತ್ತದೆ. ಅದನ್ನೇ ಮನೆಯಲ್ಲಿ ಮಾಡಬಹುದು. ಬೀದಿಗೆ ಮುಖ ಮಾಡಿರುವ ಕೋಣೆಯ ಕಿಟಕಿ, ಬಾಗಿಲುಗಳನ್ನು ರಟ್ಟು, ಕಂಬಳಿಗಳಿಂದ ಮುಚ್ಚಿ ಗವ್ವೆನ್ನುವಷ್ಟು ಕತ್ತಲೆ ಮಾಡಿ. ಕಿಟಕಿಯ ರಟ್ಟಿನಲ್ಲಿ ಕಡಲೆಕಾಳಿನಷ್ಟು ಒಂದೇ ಒಂದು ತೂತು ಬಿಡಿ. ಎದುರಿಗೆ ಬಿಳಿಯ ಪಂಚೆ ಇಳಿಬಿಡಿ. ಐದು ನಿಮಿಷ ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಪಂಚೆಯ ಮೇಲೆ ಬಿಸಿಲು ಬಿದ್ದ ಎದುರುಮನೆ ಬುಡಮೇಲಾಗಿ ಕಾಣುತ್ತದೆ. ಆಕಾಶ ಕೆಳಗಿರುತ್ತದೆ, ರಸ್ತೆ ಮೇಲಿರುತ್ತದೆ. ಬೀದಿಯಲ್ಲಿ ಒಂದು ಆಟೋ ಹಾದುಹೋದರೆ ಅದು ಚಕ್ರ ಮೇಲಾಗಿ, ಹೋಗುವ ದಿಕ್ಕಿಗೆ ವಿರುದ್ಧವಾಗಿ ಹರಿಯುತ್ತದೆ. ಆ ಕ್ಷಣ ಮಕ್ಕಳು ಹಾಕುವ ಕೂಗಿಗೆ ಅಕ್ಕಪಕ್ಕದವರು ಬಂದು ನೋಡಿದ್ದಾರೆ.

ಬೆಳಕು ನೇರವಾಗಿ ಚಲಿಸುವುದರಿಂದ ಗೋಪುರದ ತುದಿಯಿಂದ ಹೊರಟ ಕಿರಣ ತೂತಿನ ಮೂಲಕ ಕೆಳಕ್ಕೂ, ಬುಡದಿಂದ ಹೊರಟದ್ದು ಮೇಲಕ್ಕೂ ಹೋಗುತ್ತದೆ. ಇದನ್ನು ಬಾಯಿಮಾತಿನಲ್ಲಿ ಹೇಳುವ ಮೊದಲು ಪಂಚೆಯನ್ನು ತೂತಿನ ಹತ್ತಿರಕ್ಕೂ ದೂರಕ್ಕೂ ಸರಿಸಿ ನೋಡಲು ಮಕ್ಕಳಿಗೆ ಬಿಡಿ. ದೂರ ಸರಿದಷ್ಟೂ ಚಿತ್ರ ದೊಡ್ಡದಾಗಿ ಮಸುಕಾಗುವುದನ್ನು ಅವರೇ ಹೇಳುತ್ತಾರೆ. ಕೋಣೆ ಕತ್ತಲೆ ಮಾಡಲಾಗದವರು ಬೂಟಿನ ಡಬ್ಬಿಯ ಒಂದು ಬದಿಗೆ ಸೂಜಿಯಿಂದ ತೂತು ಮಾಡಿ, ಎದುರು ಬದಿಯನ್ನು ಕತ್ತರಿಸಿ, ಕೊಬ್ಬರಿ ಎಣ್ಣೆ ಸವರಿದ ತೆಳುಕಾಗದವನ್ನು ಅಂಟಿಸಿ, ತಲೆಯ ಮೇಲೆ ಕಂಬಳಿ ಹೊದ್ದು ನೋಡಬಹುದು. ಯಾವ ಕಾರಣಕ್ಕೂ ತೂತಿನೊಳಗಿಂದ ಸೂರ್ಯನನ್ನು ನೇರವಾಗಿ ನೋಡಬಾರದು.

ಸಂಜೆ ಕರೆಂಟು ಹೋದಾಗ ಏನಾದರೂ ಮಾಡಿಸಬಹುದೇ?

ನೆರಳಿನ ಗೊಂಬೆಯಾಟಕ್ಕೆ ಅದೇ ಸುಸಮಯ. ಲಗ್ನಪತ್ರಿಕೆಯ ದಪ್ಪ ಹಾಳೆಯಲ್ಲಿ ಗೊಂಬೆಯ ಆಕಾರ ಕತ್ತರಿಸಿ, ಬೆನ್ನಿಗೆ ತೆಂಗಿನ ಗರಿಯ ಕಡ್ಡಿ ಅಂಟಿಸಿ, ಎರಡು ಕಂಬಗಳ ನಡುವೆ ಪಂಚೆ ಬಿಗಿದು ಹಿಂದಿನಿಂದ ಟಾರ್ಚು ಹಿಡಿದರಾಯಿತು. ಕೈ ಅಲ್ಲಾಡಬೇಕಾದರೆ ತೋಳನ್ನು ಬೇರೆ ಕತ್ತರಿಸಿ, ಭುಜದ ಹತ್ತಿರ ದಾರ ಪೋಣಿಸಿ ಗಂಟು ಹಾಕಬೇಕು. ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ಬಾಳಿನುದ್ದಕ್ಕೂ ತೊಗಲುಗೊಂಬೆಯಾಟ ಆಡಿಸುತ್ತ ಬಂದವರು. 2025ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಪ್ರಕಟವಾಯಿತು. ತೊಗಲುಗೊಂಬೆಯ ಚೆಲುವು ಅದರ ತೂತುಗಳಲ್ಲಿದೆ. ಹದಮಾಡಿದ ತೊಗಲಿನಲ್ಲಿ ಕೊರೆದ ಸಣ್ಣ ಸಣ್ಣ ತೂತುಗಳಿಂದ ಬೆಳಕು ಹಾದು ಒಡವೆ, ಸೀರೆಯ ಅಂಚು ಹೊಳೆಯುತ್ತವೆ. ಮಗುವಿನ ಕಾಗದದ ಗೊಂಬೆಗೂ ಸೂಜಿಯಿಂದ ಹಾಗೆ ತೂತು ಮಾಡಿಕೊಟ್ಟು, ಹಿಂದೆ ಬಣ್ಣದ ಚಾಕೊಲೇಟ್ ಕಾಗದ ಅಂಟಿಸಿ ನೋಡಿ. ಕಥೆಯನ್ನು ಮಕ್ಕಳೇ ಕಟ್ಟಲಿ. ರಾವಣನ ಜೊತೆಗೆ ಜೆಸಿಬಿ ಬಂದರೂ ತಡೆಯಬೇಡಿ.

ಹಳ್ಳಿಯ ಮನೆಯಲ್ಲಿದ್ದೇವೆ, ಜೋಳದ ಕಣಿಕೆ ಬೇಕಾದಷ್ಟಿದೆ. ಅದರಿಂದ ಏನು ಮಾಡಬಹುದು?

ಬಂಡಿ, ಕನ್ನಡಕ, ಕುರ್ಚಿ, ಏಣಿ, ಗಿರಗಟ್ಲೆ, ಎಲ್ಲವನ್ನೂ ಮಾಡಬಹುದು. ಒಣಗಿದ ಜೋಳದ ದಂಟಿನ ಮೇಲಿನ ಸಿಬಿರನ್ನು ದೊಡ್ಡವರು ಸುಲಿದುಕೊಟ್ಟರೆ ಒಳಗಿನ ಬಿಳಿಯ ಬೆಂಡು ಮಕ್ಕಳ ಪಾಲಿಗೆ. ಸಿಬಿರಿನ ಸಣ್ಣ ತುಂಡುಗಳನ್ನೇ ಮೊಳೆಯಂತೆ ಬೆಂಡಿಗೆ ಚುಚ್ಚಿ ಜೋಡಿಸುವುದರಿಂದ ಅಂಟು, ದಾರ ಯಾವುದೂ ಬೇಡ. ಸಿಬಿರಿನ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಆದ್ದರಿಂದ ಸುಲಿಯುವ ಕೆಲಸ ಆರು ವರ್ಷದೊಳಗಿನವರಿಗೆ ಬೇಡವೇ ಬೇಡ. ಬಣವೆಯಿಂದ ದಂಟು ಎಳೆಯುವುದೂ ದೊಡ್ಡವರ ಕೆಲಸ. ಅದರೊಳಗೆ ಚೇಳು ಸೇರಿಕೊಂಡಿರುವುದುಂಟು.

ನೀರಿನ ಆಟವನ್ನು ಕಲಿಕೆಯಾಗಿ ಮಾಡುವುದು ಹೇಗೆ?

ಆನೆಗೊಂದಿಯ ಕಡೆ ತುಂಗಭದ್ರೆ ದಾಟಿಸುವ ಹರಿಗೋಲನ್ನು ಮಕ್ಕಳಿಗೆ ನೆನಪಿಸಿ. ಒಂದು ಉಂಡೆ ಮಣ್ಣನ್ನು ನೀರಿಗೆ ಹಾಕಿದರೆ ಮುಳುಗುತ್ತದೆ. ಅದೇ ಉಂಡೆಯನ್ನು ತೆಳ್ಳಗೆ ತಟ್ಟಿ ಬಟ್ಟಲು ಮಾಡಿ ಮೆಲ್ಲಗೆ ಬಿಟ್ಟರೆ ತೇಲುತ್ತದೆ. ಆಮೇಲೆ ಅರ್ಧ ಕರಟವನ್ನು ಹರಿಗೋಲು ಮಾಡಿ, ಎಷ್ಟು ಹುಣಸೆ ಬೀಜ ಹೊರುತ್ತದೆ, ಎಲ್ಲವನ್ನೂ ಒಂದೇ ಬದಿಗೆ ಹಾಕಿದರೆ ಏನಾಗುತ್ತದೆ ಎಂದು ನೋಡಲು ಬಿಡಿ. ಬೋಗುಣಿಯಲ್ಲಿ ಗೇಣು ನೀರು ಸಾಕು. ಅಷ್ಟು ನೀರಿದ್ದರೂ ಚಿಕ್ಕ ಮಗುವನ್ನು ಒಂಟಿಯಾಗಿ ಬಿಟ್ಟು ಏಳಬೇಡಿ, ಆಟ ಮುಗಿದ ಕೂಡಲೇ ನೀರು ಚೆಲ್ಲಿಬಿಡಿ.

ಹೊಲಿಗೆ ಕೆಲಸವನ್ನು ಮಕ್ಕಳಿಂದ ಮಾಡಿಸಬಹುದೇ?

ನಾಲ್ಕು ವರ್ಷದವರಿಗೆ ರಟ್ಟಿನಲ್ಲಿ ದೊಡ್ಡ ತೂತು ಮಾಡಿ ಬೂಟಿನ ಲಾಡಿ ಪೋಣಿಸಲು ಕೊಡಿ. ಆರೇಳು ವರ್ಷದವರು ಮೊನೆ ಮೊಂಡಾದ ದೊಡ್ಡ ಸೂಜಿಯಲ್ಲಿ ಗೊಂಬೆಗೊಂದು ಗೇಣಗಲದ ಕೌದಿ ಹೊಲಿಯಬಲ್ಲರು. ಅಜ್ಜಿಯ ಹಳೆಯ ನೂಲಿನ ಸೀರೆಯ ಎರಡು ಪದರು, ಮೇಲೆ ಬಣ್ಣದ ತುಂಡುಗಳು, ಅಂಚಿನಿಂದ ಒಳಕ್ಕೆ ಸಾದಾ ಹೊಲಿಗೆ, ಅಷ್ಟೇ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕಡೆ ಚಿಂದಿ ಧಾರಾಳವಾಗಿ ಸಿಗುತ್ತದೆ, ಆದರೆ ಆ ಬಟ್ಟೆ ಮಕ್ಕಳ ಸೂಜಿಗೆ ಬಗ್ಗುವುದಿಲ್ಲ. ಅದನ್ನು ಚೆಂಡಿನೊಳಗೆ ತುಂಬಲು ಬಳಸಿ. ಕೌದಿ ಹೊಲಿಯುವ ಅಜ್ಜಿ ಮನೆಯಲ್ಲಿದ್ದರೆ ಕಲಿಸುವ ಕೆಲಸ ಅವರಿಗೇ ಬಿಡಿ.

ಯಾವ ವಸ್ತುಗಳನ್ನು ಮಕ್ಕಳ ಕೈಗೆ ಕೊಡಲೇಬಾರದು?

ಈ ಉತ್ತರವನ್ನು ದಯವಿಟ್ಟು ಮನೆಯ ಎಲ್ಲರಿಗೂ ಓದಿ ಹೇಳಿ.

ಬೀಜಗಳನ್ನು ಅಂಟಿಸಿ ಚಿತ್ರ ಮಾಡುವುದು ಚೆಂದದ ಕೆಲಸ, ಆದರೆ ನಮ್ಮ ಬೇಲಿಗಳಲ್ಲಿ ಸಿಗುವ ಎಲ್ಲ ಬೀಜವೂ ನಿರಪಾಯಕಾರಿಯಲ್ಲ. ಕೆಂಪು ಮೈ, ಕಪ್ಪು ಕಣ್ಣಿನ ಗುಲಗಂಜಿ ನೋಡಲು ಎಷ್ಟು ಸುಂದರವೋ ಅಷ್ಟೇ ಘೋರ ವಿಷ. ಅಗಿದು ನುಂಗಿದರೆ ಜೀವಕ್ಕೇ ಕುತ್ತು. ಮಣ್ಣೆತ್ತಿಗೆ ಕಣ್ಣಿಡಲು ಅದನ್ನು ಹುಡುಕಿ ತರುವವರಿದ್ದಾರೆ, ಅದು ಬೇಡ. ಹೊಲದ ಬದುವಿನಲ್ಲಿ ಬೆಳೆಯುವ ಔಡಲದ ಬೀಜ, ದತ್ತೂರಿಯ ಕಾಯಿ, ಕಣಗಿಲೆಯ ಕಾಯಿ ಮತ್ತು ಎಲೆ, ಇವೂ ವಿಷವೇ. ಎಕ್ಕೆಯ ಹಾಲು ಕಣ್ಣಿಗೆ ತಾಗಿದರೆ ಕಣ್ಣು ಕೆಡುತ್ತದೆ. ಮಗು ಇಂಥದ್ದೇನಾದರೂ ತಿಂದಿದೆ ಎಂಬ ಅನುಮಾನ ಬಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪ್ರಯತ್ನ ಬೇಡ. ತಿಂದ ಬೀಜದ ಒಂದು ಮಾದರಿಯನ್ನು ಜೊತೆಗಿಟ್ಟುಕೊಂಡು, 108ಕ್ಕೆ ಕರೆಮಾಡಿ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಗಂಗಾವತಿ, ಕಾರಟಗಿ, ಸಿಂಧನೂರಿನ ಭತ್ತದ ಸೀಮೆಯಲ್ಲಿ, ರಾಯಚೂರಿನ ಹತ್ತಿ ಹೊಲಗಳ ಕಡೆ ಕೀಟನಾಶಕದ ಖಾಲಿ ಡಬ್ಬಿ, ಬಾಟಲಿಗಳು ಹೊಲದಂಚಿನಲ್ಲಿ ಬಿದ್ದಿರುತ್ತವೆ. ಎಷ್ಟು ಸಲ ತೊಳೆದರೂ ಅವನ್ನು ಆಟಿಕೆಗೆ, ನೀರು ತುಂಬಲು ಬಳಸಬಾರದು. ರಸಗೊಬ್ಬರದ ಚೀಲವೂ ಬೇಡ.

ಮೂರು ವರ್ಷದೊಳಗಿನವರಿಗೆ ಮೂರು ಸೆಂಟಿಮೀಟರಿಗಿಂತ ಚಿಕ್ಕದಾದ ಯಾವ ವಸ್ತುವನ್ನೂ ಕೊಡಬೇಡಿ. ಶೇಂಗಾ, ಕಡಲೆ, ಹುಣಸೆ ಬೀಜ, ಗುಂಡಿ, ಮಣಿ, ಇವೆಲ್ಲ ಉಸಿರುನಾಳಕ್ಕೆ ಸಿಕ್ಕುವ ಗಾತ್ರದವು. ಮೂಗಿಗೆ ಕಾಳು ತುರುಕಿಕೊಂಡ ಮಗುವನ್ನು ಹೊತ್ತು ಓಡಿದ ಮನೆಗಳು ಪ್ರತಿ ಓಣಿಯಲ್ಲೂ ಇವೆ. ಹಾಡುವ ಆಟಿಕೆ ಮತ್ತು ರಿಮೋಟುಗಳಲ್ಲಿರುವ ಗುಂಡಿಯಾಕಾರದ ಬ್ಯಾಟರಿ ಎಲ್ಲಕ್ಕಿಂತ ಅಪಾಯಕಾರಿ. ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡುತ್ತದೆ.

ಮಗು ಅರ್ಧಕ್ಕೇ ಬಿಟ್ಟು ಏಳುತ್ತದೆ. ಒತ್ತಾಯಿಸಬೇಕೇ?

ಬೇಡ. ಮೂರು ವರ್ಷದ ಮಗು ಹತ್ತು ನಿಮಿಷ ಕೂತರೆ ಅದೇ ದೊಡ್ಡದು. ಅರ್ಧ ಮಾಡಿದ್ದನ್ನು ಒಂದು ತಟ್ಟೆಯಲ್ಲಿ ಮುಚ್ಚಿಡಿ. ಮರುದಿನ ತಾನೇ ಹುಡುಕಿಕೊಂಡು ಬರುವುದೇ ಹೆಚ್ಚು.

ಮೊಬೈಲ್ ಬಿಡಿಸಲು ಇದು ಉಪಾಯವಾಗುತ್ತದೆಯೇ?

ಒಂದು ಮಟ್ಟಿಗೆ ಆಗುತ್ತದೆ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆದರೆ ಮೊಬೈಲ್ ಕಿತ್ತುಕೊಂಡು ಆ ಜಾಗಕ್ಕೆ ಮಣ್ಣಿನ ಮುದ್ದೆ ಕೊಟ್ಟರೆ ಮಗು ಅದನ್ನು ಶಿಕ್ಷೆಯೆಂದೇ ತಿಳಿಯುತ್ತದೆ. ನೀವೇ ಮೊದಲು ಕೂತು ಎತ್ತು ಮಾಡಲು ತೊಡಗಿ, ಕರೆಯಬೇಡಿ, ಪಕ್ಕಕ್ಕೆ ಬಂದು ಕೂರುವವರೆಗೆ ಕಾಯಿರಿ. ಆ ಹೊತ್ತಿನಲ್ಲಿ ನಿಮ್ಮ ಮೊಬೈಲೂ ಬೇರೆ ಕೋಣೆಯಲ್ಲಿರಬೇಕು.

ಮಗು ಮಾಡಿದ್ದು ಸೊಟ್ಟಪಟ್ಟ ಇರುತ್ತದೆ. ಸ್ವಲ್ಪ ತಿದ್ದಿಕೊಡಬಹುದೇ?

ತಿದ್ದಬೇಡಿ. ಇದನ್ನು ನಾನು ಬಹಳ ಗಟ್ಟಿಯಾಗಿ ಹೇಳುತ್ತೇನೆ, ಏಕೆಂದರೆ ನಾನು ಕಂಡಿರುವ ಮಟ್ಟಿಗೆ ಮಕ್ಕಳು ಕೈಕೆಲಸದಿಂದ ದೂರ ಸರಿಯುವುದು ಬೇಸರದಿಂದಲ್ಲ, ದೊಡ್ಡವರ ತಿದ್ದುವಿಕೆಯಿಂದ. ಶಾಲೆಯ ಪ್ರದರ್ಶನಕ್ಕೆಂದು ತಂದೆ ತಾಯಿ ರಾತ್ರಿ ಕೂತು ಮಾಡಿಕೊಟ್ಟ ನುಣುಪಾದ ಗುಡಿಯ ಪಕ್ಕದಲ್ಲಿ ನಿಂತ ಮಗುವನ್ನು ‘ಇದರಲ್ಲಿ ನೀನು ಏನು ಮಾಡಿದೆ?’ ಎಂದು ಕೇಳಿ ನೋಡಿ, ಅದು ಕೆಳಗೆ ನೋಡುತ್ತದೆ. ಮಗು ಸಹಾಯ ಕೇಳಿದರೆ ಇನ್ನೊಂದು ಮುದ್ದೆ ತೆಗೆದುಕೊಂಡು ನಿಮ್ಮದರಲ್ಲಿ ಮಾಡಿ ತೋರಿಸಿ. ಅದರ ವಸ್ತುವಿಗೆ ಕೈ ಹಾಕಬೇಡಿ. ‘ಚೆಂದ ಆಗಿದೆ’ ಎಂದು ಸುಮ್ಮನೆ ಹೊಗಳುವುದಕ್ಕಿಂತ ‘ಈ ಕೊಂಬು ಬೀಳದಂತೆ ಹೇಗೆ ನಿಲ್ಲಿಸಿದಿ?’ ಎಂದು ಕೇಳಿದರೆ ಮಗು ಕಣ್ಣರಳಿಸಿ ಹೇಳತೊಡಗುತ್ತದೆ.

ಮಕ್ಕಳಿಗೆ ನಿಜವಾದ ಕುಶಲಕರ್ಮಿಗಳ ಕೆಲಸವನ್ನು ಎಲ್ಲಿ ತೋರಿಸಬಹುದು?

ದೂರ ಹೋಗಬೇಕಿಲ್ಲ. ಕಿನ್ನಾಳದ ಗೊಂಬೆಗಳು, ಆನೆಗೊಂದಿಯಲ್ಲಿ ಬಾಳೆನಾರಿನಿಂದ ಹೆಣೆಯುವ ಬುಟ್ಟಿ ಮತ್ತು ಚೀಲ, ಸಂಡೂರಿನ ಲಂಬಾಣಿ ಕಸೂತಿ, ಇವೆಲ್ಲ ನಮ್ಮ ಕೊಪ್ಪಳ, ಬಳ್ಳಾರಿ ಜಿಲ್ಲೆಗಳೊಳಗೇ ಇವೆ. ನಿಮ್ಮ ಊರಿನ ಕುಂಬಾರರ ಮನೆಯೂ ಅಷ್ಟೇ ಬೆಲೆಯುಳ್ಳ ಜಾಗ. ಮುಂಚೆಯೇ ಕೇಳಿ, ಅವರ ದುಡಿಮೆಗೆ ಅಡ್ಡಿಯಾಗದ ಹೊತ್ತಿನಲ್ಲಿ ಹೋಗಿ, ಬರುವಾಗ ಏನನ್ನಾದರೂ ಕೊಂಡು ಬನ್ನಿ. ಮನೆಯಲ್ಲಿ ಒಮ್ಮೆ ಮಣ್ಣು ಹಿಡಿದು ಸೋತ ಮಗು ತಿಗರಿಯ ಮುಂದೆ ಕೂತಾಗ ನೋಡುವ ನೋಟವೇ ಬೇರೆ.

ಮಾಡಿದ ವಸ್ತುಗಳು ಮನೆ ತುಂಬುತ್ತವೆ. ಎಲ್ಲವನ್ನೂ ಇಟ್ಟುಕೊಳ್ಳಬೇಕೇ?

ಒಂದು ಗೂಡನ್ನು ಅಥವಾ ಒಂದು ಹಲಗೆಯನ್ನು ಮಗುವಿಗೆ ಬಿಟ್ಟುಕೊಡಿ. ಅದು ತುಂಬಿದ ಮೇಲೆ ಹೊಸದನ್ನು ಇಡಬೇಕಾದರೆ ಹಳೆಯದರಲ್ಲಿ ಯಾವುದನ್ನು ತೆಗೆಯಬೇಕೆಂದು ಮಗುವೇ ನಿರ್ಧರಿಸಲಿ. ನೀವು ಕಸಕ್ಕೆ ಹಾಕಿದ್ದು ಅದಕ್ಕೆ ಗೊತ್ತಾದರೆ ನಂಬಿಕೆ ಹೋಗುತ್ತದೆ. ಸುಡದ ಮಣ್ಣಿನ ವಸ್ತುಗಳನ್ನು ಬಕೆಟ್ಟಿನಲ್ಲಿ ನೆನೆಹಾಕಿದರೆ ರಾತ್ರಿ ಕಳೆಯುವುದರೊಳಗೆ ಕರಗಿ, ಸೋಸಿದರೆ ಮತ್ತೆ ನಾದುವ ಮಣ್ಣಾಗುತ್ತದೆ. ಕಾಗದದ ಮುಖವಾಡಗಳಿಗೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುವುದರಿಂದ ಒಳಗೆ ಒಂದು ಹಿಡಿ ಒಣಗಿದ ಬೇವಿನ ಎಲೆ ಹಾಕಿ ಪತ್ರಿಕೆಯಲ್ಲಿ ಸುತ್ತಿಡಿ, ತಿಂಗಳಿಗೊಮ್ಮೆ ಬಿಸಿಲಿಗಿಡಿ.